ಕೆಂಚಪ್ಪನ ರೇಡಿಯೋ ಮತ್ತು ನನ್ನ ಅಧಿಕಪ್ರಸಂಗ

ನನ್ನ ತಂಗಿಯ ಮಗಳು ಗೌತಮಿ ಹರಪನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಕಲಿಸುತ್ತಾಳೆ. ಮೊನ್ನೆ ಬಂದವಳು, "ಮಾಮಾ, ನಮ್ಮ ಕಲಿಯೋ ಮಂದಿಗೆ ನಿಮ್ಮ ಅನುಭವ ಒಂದೀಟು ಬರದುಕೊಡ್ರಿ. ಬರೇ ಮನ್ಯಾಗ ಕುಂತು ನಮ್ಮತ್ತಿ ತಲಿ ತಿನ್ನಾಕತ್ತೀರಂತ" ಅಂದಳು. ಎರಡನೆಯ ಮಾತು ಸುಳ್ಳಲ್ಲ, ಹಾಗಾಗಿ ಮೊದಲನೆಯದಕ್ಕೆ ಒಪ್ಪಿಕೊಂಡೆ. ನಾನು ಯಾವಾಗ ಸೀನಿಯರ್ ಮೆಕ್ಯಾನಿಕ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಮಾಡಿದ ಘನಂದಾರಿ ತಪ್ಪುಗಳನ್ನು ಬರೆಯುತ್ತೇನೆ. ಅವು ಬೇಕಾದಷ್ಟಿವೆ.

ಕಂಪನಿಯ ಹೆಸರು ಬೇಡ. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಐ.ಟಿ.ಐ. ಮುಗಿಸಿ ಸೇರಿದಾಗ ಅದು ಮಾರುತ್ತಿದ್ದದ್ದು ವಾಲ್ವ್ ರೇಡಿಯೋ. ಆಮೇಲೆ ಟ್ರಾನ್ಸಿಸ್ಟರ್ ಬಂತು, ಅದರ ಹಿಂದೆ ರೇಡಿಯೋ, ಟೇಪು ಎರಡೂ ಇರುವ ಟೂ-ಇನ್-ಒನ್ ಬಂತು. ಒಂದೊಂದು ಮಾಡೆಲ್ಲಿಗೂ ರೇಡಿಯೋ ಸಣ್ಣದಾಗುತ್ತ ಹೋಯಿತು, ನಾನು ದಪ್ಪಗಾಗುತ್ತ ಹೋದೆ. ಕೊಟ್ಟೂರಿನಲ್ಲಿ ಒಂದು ವರ್ಕ್‌ಶಾಪು, ನನಗೊಂದು ಸೈಕಲ್ಲು, ಹೆಗಲಿಗೊಂದು ಚೀಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಇಷ್ಟೂ ಸೀಮೆಯಲ್ಲಿ ನಮ್ಮ ಕಂಪನಿಯ ಯಾವ ರೇಡಿಯೋ ಕೆಮ್ಮಿದರೂ ಔಷಧ ಕೊಡಬೇಕಾದವನು ನಾನೊಬ್ಬನೇ. ಜನ ನನ್ನನ್ನು ಕರೆಯುತ್ತಿದ್ದದ್ದು ರೇಡಿಯೋ ಮೇಸ್ತ್ರಿ ಅಂತ. ಆಹಾ, ಆ ಹೆಸರು ಕಿವಿಗೆ ಬಿದ್ದರೆ ಸೈಕಲ್ಲು ಏರಿನಲ್ಲೂ ತಾನೇ ಓಡುತ್ತಿತ್ತು!

ವಾಲ್ವ್ ರೇಡಿಯೋ ಅಂದರೆ ಈಗಿನವರಿಗೆ ಹೇಗೆ ಹೇಳಲಿ? ಸಣ್ಣ ಕಪಾಟಿನಷ್ಟು ದೊಡ್ಡದು. ಗುಂಡಿ ತಿರುಗಿಸಿದರೆ ಕೂಡಲೇ ಮಾತಾಡುತ್ತಿರಲಿಲ್ಲ, ಒಳಗಿನ ವಾಲ್ವುಗಳು ಕಾಯಬೇಕು. ಅಷ್ಟರಲ್ಲಿ ಮನೆಯ ಹಿರಿಯರು ಎಲೆಅಡಿಕೆ ಹಾಕಿ ಮುಗಿಸುತ್ತಿದ್ದರು. ಆ ಬಿಸಿ ಮನುಷ್ಯರಿಗಿಂತ ಇಲಿಗಳಿಗೆ ಹೆಚ್ಚು ಪ್ರಿಯ. ಹಂಪಸಾಗರದ ಗೌಡರೊಬ್ಬರು, "ಮೇಸ್ತ್ರಿ, ವಾರ್ತಾ ಓದಾಂವ ನಡುನಡುವ ಕೀಚ್ ಕೀಚ್ ಅಂತಾನ" ಎಂದು ಹೇಳಿಕಳಿಸಿದ್ದರು. ಹೋಗಿ ಹಿಂದಿನ ರಟ್ಟು ಬಿಚ್ಚಿದೆ ನೋಡಿ, ತಾಯಿ ಇಲಿಯೊಂದು ನನ್ನ ಎದೆಗೇ ನೆಗೆಯಿತು, ಅದರ ಹಿಂದೆ ಮರಿಗಳ ಮೆರವಣಿಗೆ! ನಾನು ಕಟ್ಟೆಯಿಂದ ಕೆಳಗೆ, ಗೌಡರು ಮಂಚದ ಮೇಲೆ, ಗೌಡತಿ ಬಾಗಿಲ ಹಿಂದೆ. ಗೌಡರ ಮುದಿ ತಾಯಿ ಮಾತ್ರ ಅಲ್ಲಾಡದೆ ಕೂತು, "ಅಯ್ಯ, ಬಾಣಂತಿನ್ನ ಯಾಕ ಎಬ್ಬಿಸಿದ್ಯೋ ಪಾಪಿ" ಎಂದು ನನ್ನನ್ನೇ ಬೈದರು.

ಕಟ್ಟೆಯಿಂದ ಕೆಳಗೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಯಾವ ಕೇರಿಯವನು ಅಂತ ಊರೂರಿಗೆ ಗೊತ್ತಿತ್ತು. ನಮ್ಮಪ್ಪ ಬುದ್ಧನ ಪಟ ಗೋಡೆಗೆ ಹಾಕಿದ ಮೇಲೂ ಕೇರಿಯ ಹೆಸರೇನೂ ಬದಲಾಗಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ನಾನು ಒಳಗೆ ಹೋಗುವ ಬದಲು ರೇಡಿಯೋವೇ ಹೊರಗೆ ಕಟ್ಟೆಗೆ ಬರುತ್ತಿತ್ತು. ಎರಡಾಳು ಹೊತ್ತು ಬೆವರು ಸುರಿಸಿಕೊಂಡು ತರುತ್ತಿದ್ದರು. "ತರ್ರಿ, ತರ್ರಿ, ಇನ್ನೂ ಈಕಡಿ, ಇಲ್ಲಿ ಬೆಳಕು ಕಮ್ಮಿ ಐತಿ" ಎಂದು ನಾನು ಕಟ್ಟೆಯ ಈ ತುದಿಯಿಂದ ಆ ತುದಿಗೆ ಒಂದೆರಡು ಸಲ ಹೊರಿಸುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲವೇ ಅಂದರೆ, ಬರುತ್ತಿತ್ತು. ಹೊರಿಸಿದ ಮೇಲೆ ಸ್ವಲ್ಪ ಇಳಿಯುತ್ತಿತ್ತು.

ಟ್ರಾನ್ಸಿಸ್ಟರ್ ಬಂದದ್ದೇ ಬಂದದ್ದು, ಊರಿಗೆ ಊರೇ ಹುಚ್ಚೆದ್ದಿತು. ಕರೆಂಟು ಬೇಡ, ಕಪಾಟು ಬೇಡ, ಚರ್ಮದ ಚೀಲ ಹಾಕಿ ಹೆಗಲಿಗೆ ನೇತುಹಾಕಿಕೊಂಡರೆ ಆಯಿತು. ಮದುವೆಗೆ ಹೆಣ್ಣು ನೋಡಲು ಹೋಗುವ ವರ ಪಕ್ಕದ ಮನೆಯ ಟ್ರಾನ್ಸಿಸ್ಟರ್ ಕೇಳಿ ಪಡೆದು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಸೆಲ್ಲು ಸೋತರೆ ಬಿಸಾಡುವವರು ಯಾರೂ ಇರಲಿಲ್ಲ. ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಸಾಲಾಗಿ ಬಿಸಿಲಿಗಿಟ್ಟು ಮತ್ತೆ ನಾಲ್ಕು ದಿನ ಜಗ್ಗುತ್ತಿದ್ದರು.

ಆಗ ರೇಡಿಯೋಕ್ಕೆ ಲೈಸೆನ್ಸು ಬೇಕಿತ್ತು, ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕು. ಕಟ್ಟುವವರು ಯಾರು? ಕೂಡ್ಲಿಗಿ ಕಡೆಯ ಒಂದು ಹಳ್ಳಿಯವರು ರಿಪೇರಿಗೆ ಬಾ ಎಂದು ಕಾಗದ ಹಾಕಿದ್ದರು. ನನ್ನ ಕಾಕಿ ಅಂಗಿ, ಚೀಲ ನೋಡಿ ಲೈಸೆನ್ಸಿನವನೇ ಬಂದನೆಂದು ಹೌಹಾರಿದರು. "ರೇಡಿಯೋನಾ? ನಮ್ಮನ್ಯಾಗ ಎಲ್ಲೈತ್ರಿ ರೇಡಿಯೋ?" ಎಂದು ಮನೆಯ ಯಜಮಾನ ಕೈಮುಗಿದು ನಿಂತ. ಅವನು ಹಾಗೆನ್ನುವುದಕ್ಕೂ, ಮೂಲೆಯಲ್ಲಿದ್ದ ಜೋಳದ ಗುಡಾಣದೊಳಗಿಂದ "ರೈತ ಬಾಂಧವರಿಗೆ ನಮಸ್ಕಾರ" ಎಂದು ಗಂಭೀರವಾದ ದನಿ ಬರುವುದಕ್ಕೂ ಸರಿಹೋಯಿತು. ಬಚ್ಚಿಡುವ ಗಡಿಬಿಡಿಯಲ್ಲಿ ಆರಿಸುವುದನ್ನೇ ಮರೆತಿದ್ದರು. ಯಜಮಾನ ಕಣ್ಣು ಪಿಳುಕಿಸಲಿಲ್ಲ. "ನಮ್ಮ ಜ್ವಾಳ ಭಾಳ ಛಲೋ ಜ್ವಾಳರಿ" ಅಂದ. ನಾನು ಚೀಲ ಬಿಸಾಕಿ ನೆಲಕ್ಕೆ ಕೂತು ನಕ್ಕೆ. ಅವನೂ ನಕ್ಕ. ಅವನ ಹೆಂಡತಿ ಗುಡಾಣಕ್ಕೆ ಕೈಹಾಕಿ ರೇಡಿಯೋ ತೆಗೆದರೆ ಒಳಗೆಲ್ಲ ಜೋಳದ ಕಾಳು. ಅದನ್ನು ಹೆಕ್ಕಿ ತೆಗೆಯುವುದೇ ಅರ್ಧ ದಿನದ ಕೆಲಸವಾಯಿತು.

ಇನ್ನು ಕೆಂಚಪ್ಪನ ಕಥೆಗೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ಒಂದು ಸಲ ಹರಪನಹಳ್ಳಿಯಲ್ಲಿ ಕಂಪನಿಯಿಂದ ಉಚಿತ ಸೇವಾ ಶಿಬಿರ ಇಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಶಾಮಿಯಾನ, ನಾನು ನಡುವೆ ಮದುಮಗನ ಹಾಗೆ ಕೂತಿದ್ದೇನೆ, ಸುತ್ತ ರೇಡಿಯೋಗಳ ರಾಶಿ. ಚಿಗಟೇರಿ ಕಡೆಯ ಒಬ್ಬ ಹೆಂಗಸು ಬಂದಳು. ಹೆಸರು ಮಲ್ಲವ್ವ, ಕುರಿ ಸಾಕುವ ಮನೆತನ. ಸೆರಗಿನೊಳಗಿಂದ ನಮ್ಮ ಕಂಪನಿಯ ನಾಲ್ಕು ಸೆಲ್ಲಿನ ಹಳೆಯ ಟ್ರಾನ್ಸಿಸ್ಟರ್ ತೆಗೆದು ಮುಂದಿಟ್ಟಳು.

"ಮೇಸ್ತ್ರಿ, ಇದರ ದನಿ ಏರ್ಸೋ ಗುಂಡಿ ಮುರದೈತಿ. ಅದೊಂದು ಹಾಕಿಕೊಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಗುಂಡಿ ಹಾಕಿದೆ. ಪರೀಕ್ಷೆಗೆಂದು ಹಚ್ಚಿದರೆ, ಅಬ್ಬಾ, ಸ್ಟೇಷನ್ ಬರುವ ಮೊದಲು "ಡುರ್ ಡುರ್ ಡುರ್ ಡುರ್ರ್ರ್" ಎಂದು ಹತ್ತು ಎಣಿಸುವಷ್ಟು ಹೊತ್ತು ಒದರಿತು! ಒಳಗಿನ ಕಂಡೆನ್ಸರ್ ಒಂದು ಒಣಗಿದರೆ ಹೀಗಾಗುತ್ತದೆ. ನಮ್ಮ ಕಂಪನಿಯ ಸೆಟ್ಟು, ನನ್ನ ಶಿಬಿರ, ನೂರು ಜನರ ಎದುರಿಗೆ ಡುರ್ ಡುರ್ ಅನ್ನುವುದೆಂದರೇನು? ನನ್ನ ಅಭಿಮಾನ ಕೆರಳಿತು. ಮಲ್ಲವ್ವ ಪಕ್ಕದವಳ ಜೊತೆ ಮಾತಿಗೆ ತಿರುಗಿದ್ದೇ ತಡ, ಆ ಕಂಡೆನ್ಸರ್ ಕಿತ್ತು ಹೊಸದು ಹಾಕಿದೆ. ಸಾಲದ್ದಕ್ಕೆ ಕಂಪನಿಯ ಕಾಣಿಕೆ ಎಂದು ನಾಲ್ಕು ಹೊಸ ಸೆಲ್ಲು ಬೇರೆ ತುಂಬಿದೆ. ಒರೆಸಿ ಫಳಫಳ ಮಾಡಿ ಕೊಟ್ಟು, ಪುಣ್ಯ ಕಟ್ಟಿಕೊಂಡೆನೆಂದು ಬೀಗಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಎಂಟು ದಿನಕ್ಕೆ ಕೊಟ್ಟೂರಿನ ವರ್ಕ್‌ಶಾಪಿನ ಮುಂದೆ ಮಲ್ಲವ್ವ. ಬಸ್ಸಿಳಿದು ಬಂದ ಧೂಳು ಇನ್ನೂ ಮುಖದ ಮೇಲಿತ್ತು. ರೇಡಿಯೋವನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ನನ್ನ ಗಂಡನ ದನಿ ಕಸಗೊಂಡಿಯಲ್ಲೋ ಮೇಸ್ತ್ರಿ! ನಿನಗೇನು ಅನ್ಯಾಯ ಮಾಡಿದ್ವಿ?"

"ಯಾಕವ್ವಾ, ರೇಡಿಯೋ ಕೆಟ್ಟೈತೇನು?"

"ಕೆಟ್ಟಿದ್ರ ಬರ್ತಿದ್ದಿಲ್ಲ. ಸುದ್ದಾಗೈತಿ!"

ಅವಳು ಬೈಯುವುದನ್ನು ನಿಲ್ಲಿಸಿ ನೀರು ಕುಡಿದ ಮೇಲೆ ವಿಷಯ ಹೊರಬಿತ್ತು. ಅವಳ ಗಂಡ ಕೆಂಚಪ್ಪನಿಗೆ ಗಂಟಲಲ್ಲಿ ಗಡ್ಡೆಯಾಗಿ, ದೊಡ್ಡಾಸ್ಪತ್ರೆಯಲ್ಲಿ ಗಂಟಲ ಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ. ಮಾತಿಲ್ಲ, ಕೂಗಿಲ್ಲ, ಬಾಯಿಗೆ ಗಾಳಿ ಬಾರದ್ದರಿಂದ ಸಿಳ್ಳೆಯೂ ಇಲ್ಲ. ಕುರಿ ಕಾಯುವವನಿಗೆ ಕೂಗಿಲ್ಲದಿದ್ದರೆ ಏನುಳಿಯಿತು? ಬೇಸರ ಕಳೆಯಲೆಂದು ಅಳಿಯ ಈ ಹಳೆಯ ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದ. ಅದು ಹಚ್ಚಿದ ಕೂಡಲೇ ಡುರ್ ಡುರ್ ಎನ್ನುವುದು, ಕುರಿ ಕರೆಯಲು ಕೆಂಚಪ್ಪ ಮೊದಲು ನಾಲಿಗೆ ಹೊರಳಿಸಿ ಹಾಕುತ್ತಿದ್ದ ಡುರ್ರ್‌ನಂತೆಯೇ ಇತ್ತು. ಒಂದು ದಿನ ಕುರಿಗಳು ಆ ಸದ್ದಿಗೆ ತಲೆಯೆತ್ತಿದ್ದನ್ನು ಕಂಡ. ಅಂದಿನಿಂದ ದಿನಾ ರೇಡಿಯೋ ಹಚ್ಚುವುದು, ಬಂದ ಕುರಿಗೆ ಬಂಡೆಯ ಮೇಲೆ ಉಪ್ಪು ಹಾಕುವುದು. ತಿಂಗಳಲ್ಲಿ ಅಷ್ಟೂ ಕುರಿ ಆ ಸದ್ದಿಗೆ ಓಡಿಬರುವಂತಾದವು.

"ಮೊದಲ ಯಾಕ ಹೇಳಲಿಲ್ಲ ನೀನು?"

"ಹ್ಯಾಂಗ ಹೇಳಲಿ? ರೇಡಿಯೋ ಕುರಿ ಕಾಯ್ತತಿ ಅಂದ್ರ ಮಂದಿ ನಗಂಗಿಲ್ಲೇನು? ಆ ಮನಷ್ಯಾಗ ನಾಚಿಕಿ." ಅವಳ ದನಿ ಇಳಿಯಿತು. "ಈಗ ಕುರಿ ಕಂಡೋರ ಹೊಲ ಹೊಕ್ಕಾವ. ಮೈದುನರು ಬಂದು, ಅಣ್ಣಾ ನಿನಗಾಗಂಗಿಲ್ಲ, ಅಮಾಸಿ ದಿನ ನಿನ್ನ ಕುರಿ ನಮ್ಮ ಹಿಂಡಿಗೆ ಹೊಡಕೊಂತೀವಿ, ನೀ ಮನ್ಯಾಗ ಕುಂದ್ರು ಅಂದಾರ. ಆತ ಮೂರು ದಿನಾತು, ಉಂಡಿಲ್ಲ. ಕುರಿ ಹೋದ್ರ ಆತ ಉಳಿಯಂಗಿಲ್ಲ ಮೇಸ್ತ್ರಿ. ಮೈಲಾರಲಿಂಗನಾಣಿ, ಉಳಿಯಂಗಿಲ್ಲ."

ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ನನಗೆ ನಗೆ, ನಾಚಿಕೆ, ಭಯ ಒಟ್ಟಿಗೇ ಬಂದವು. ಕೆಟ್ಟದ್ದನ್ನು ಸರಿ ಮಾಡಲು ಐ.ಟಿ.ಐ.ನಲ್ಲಿ ಕಲಿಸಿದ್ದರು. ಸರಿಯಿದ್ದದ್ದನ್ನು ಮೊದಲಿನ ಹಾಗೆ ಕೆಡಿಸುವುದು ಹೇಗೆ ಅಂತ ಯಾವ ಮಾಸ್ತರನೂ ಕಲಿಸಿರಲಿಲ್ಲ. ಕಿತ್ತ ಕಂಡೆನ್ಸರ್ ಹಾಕೋಣವೆಂದರೆ, ಕೆಟ್ಟ ಬಿಡಿಭಾಗಗಳನ್ನೆಲ್ಲ ಡಿಪೋಗೆ ಕಳಿಸಬೇಕೆಂಬ ಕಂಪನಿಯ ನಿಯಮಕ್ಕೆ ತಲೆಬಾಗಿ ಹಿಂದಿನ ದಿನವೇ ಪಾರ್ಸೆಲ್ ಮಾಡಿದ್ದೆ. ಜೀವಮಾನದಲ್ಲಿ ಅದೊಂದೇ ಸಲ ನಾನು ಹೊತ್ತಿಗೆ ಸರಿಯಾಗಿ ಪಾರ್ಸೆಲ್ ಕಳಿಸಿದ್ದು!

ಸರಿ, ಸಿಕ್ಕಸಿಕ್ಕ ಅಂಗಡಿಗಳಿಂದ ಸತ್ತ ಕಂಡೆನ್ಸರುಗಳನ್ನು ಬೇಡಿ ತಂದೆ. ಹಡಗಲಿಯಿಂದ ಒಂದು ಹಿಡಿ, ಹಗರಿಬೊಮ್ಮನಹಳ್ಳಿಯಿಂದ ಒಂದು ಡಬ್ಬಿ. "ಒಳ್ಳೇದು ಬ್ಯಾಡ್ರಿ, ಪೂರಾ ಹಾಳಾಗಿದ್ದು ಕೊಡ್ರಿ" ಅಂದರೆ ಅಂಗಡಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲವನ್ನೂ ಕಟ್ಟಿಕೊಂಡು ಚಿಗಟೇರಿ ಕಡೆಗೆ ಸೈಕಲ್ ತುಳಿದೆ.

ಕೆಂಚಪ್ಪ ಎತ್ತರದ ಆಳು, ಕುತ್ತಿಗೆಗೆ ಬಿಳಿ ಬಟ್ಟೆ. ನನ್ನನ್ನು ಕಂಡು ಕೋಲೆತ್ತಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಕಂಬಳಿ ಹಾಸಿ ತಟ್ಟಿ ತೋರಿಸಿದ, ಕೂತುಕೋ ಅಂತ. ಅವನದೇ ಕಂಬಳಿ, ಅವನ ಪಕ್ಕದಲ್ಲೇ. ಕೋಲೆತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಕರೆಂಟಿಲ್ಲದ ಗುಡ್ಡ. ಮೂರು ಕಲ್ಲಿನ ಒಲೆಯಲ್ಲಿ ಬೆಸುಗೆ ಕಡ್ಡಿ ಕಾಯಿಸಿ ಒಂದೊಂದೇ ಕಂಡೆನ್ಸರ್ ಹಾಕುತ್ತ ಹೋದೆ. ಮೊದಲನೆಯದು "ಕುಂಯ್ಯ್" ಅಂತು, ಕುರಿಗಳು ಮೇಯುವುದನ್ನು ಬಿಡಲಿಲ್ಲ. ಎರಡನೆಯದು "ಪಟಪಟಪಟ" ಅಂತು, ಒಂದು ಮುದಿ ಟಗರು ತಿರುಗಿ ನೋಡಿ ಹಿಕ್ಕೆ ಹಾಕಿತು. ಮೂರನೆಯದು ಎಂಥ ಸದ್ದು ಮಾಡಿತೋ, ಇಡೀ ಹಿಂಡು ದಿಕ್ಕಾಪಾಲಾಗಿ ಓಡಿತು, ಅದನ್ನು ತರುಬಲು ಮಲ್ಲವ್ವ ಸೀರೆ ಎತ್ತಿಕಟ್ಟಿ ನನಗೆ ಹಿಡಿಶಾಪ ಹಾಕುತ್ತ ಓಡಿದಳು. ನಾಲ್ಕನೆಯದಕ್ಕೆ ಕುರಿ ಬರಲಿಲ್ಲ, ಎಲ್ಲಿಂದಲೋ ಎರಡು ಕತ್ತೆ ಬಂದವು. ಕೆಂಚಪ್ಪ ಕತ್ತೆಗಳನ್ನು ನೋಡಿದ, ನನ್ನನ್ನು ನೋಡಿದ, ಇದ್ದಕ್ಕಿದ್ದಂತೆ ಭುಜ ಕುಣಿಯತೊಡಗಿತು. ಕುತ್ತಿಗೆಯ ಬಟ್ಟೆಯೊಳಗಿಂದ ಹುಸ್ ಹುಸ್ ಹುಸ್ ಎಂದು ಗಾಳಿ. ನಗುತ್ತಿದ್ದಾನೆ! ಮಲ್ಲವ್ವ ಏದುಸಿರು ಬಿಡುತ್ತ ಬಂದವಳು ನಿಂತಲ್ಲೇ ನಿಂತು, "ನಕ್ಕನಲ್ಲ, ಸಾಕು, ಇವತ್ತು ಉಣ್ತಾನ" ಅಂದಳು. ಅಂದು ಅವರ ರೊಟ್ಟಿ, ಹಿಂಡಿ ಚಟ್ನಿ ನಾನೂ ಉಂಡೆ.

ಆದರೆ ದಿನಗಳು ಕರಗಿದವು. ಏಳು ದಿನ, ಐದು ದಿನ, ಮೂರು ದಿನ. ನನ್ನ ಡಬ್ಬಿ ಖಾಲಿಯಾಯಿತು, ಆ ಡುರ್ರ್ ಮಾತ್ರ ಬರಲಿಲ್ಲ.

ಗಾಯದ ಮೇಲೆ ಬರೆ ಎಂಬಂತೆ ಅದೇ ಹೊತ್ತಿಗೆ ತಪಾಸಣೆಗೆ ಬಂದವರು ನಮ್ಮ ಏರಿಯಾ ಇಂಜಿನಿಯರ್ ವೆಂಕಟರಮಣಯ್ಯ ಸಾಹೇಬರು. ಬೆಂಗಳೂರಿನವರು. ಮೈಯೆಲ್ಲ ಇಸ್ತ್ರಿ. ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕೆಂಪಿನದೇ ಹೆಚ್ಚು ಬಳಕೆ. ಜಾಬ್ ಕಾರ್ಡುಗಳನ್ನು ತಿರುವುತ್ತ ಒಂದರಲ್ಲಿ ನಿಂತರು. ಅದರಲ್ಲಿ ನಾನು ಪ್ರಾಮಾಣಿಕವಾಗಿ ಬರೆದಿದ್ದೆ: "ದೂರು: ಸೆಟ್ ಸರಿಯಾಗಿದೆ. ಮಾಡಬೇಕಾದ ಕೆಲಸ: ಕೆಡಿಸುವುದು."

"ಏನ್ರೀ ಇದು? ಕಂಪನಿ ಸೆಟ್ ಕೆಡಿಸೋಕೆ ನಿಮಗೆ ಸಂಬಳ ಕೊಡ್ತೀವಾ? ಕುಡಿದು ಬರೆದ್ರಾ?"

ಎಲ್ಲ ಹೇಳಿದೆ. ಅವರು ನಂಬಲಿಲ್ಲ. ಹೊಸ ಮಾಡೆಲ್ಲಿನ, ಗೊರಗೊರ ಎನ್ನದ, ಅಂಗೈ ಅಗಲದ ಸೆಟ್ಟೊಂದನ್ನು ಜೀಪಿಗೆ ಹಾಕಿಕೊಂಡು, "ನಡೀರಿ, ಅದನ್ನ ಇಸ್ಕೊಂಡು ಇದನ್ನ ಕೊಡೋಣ. ಅಲ್ಲಿಗೆ ಮುಗೀತು. ನಿಮ್ಮ ವಿಚಾರ ಆಮೇಲೆ ನೋಡ್ತೀನಿ" ಅಂದರು. ನನ್ನ ನೌಕರಿ ಹೋಯಿತು ಅಂದುಕೊಂಡೇ ಜೀಪು ಹತ್ತಿದೆ.

ಗುಡ್ಡದ ಬುಡದಲ್ಲಿ ಸಾಹೇಬರು ಹೊಸ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಡಲು ಹೋದರು. ಮಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಮಗ್ಯಾಕ್ರಿ ಸಾಹೇಬ್ರ? ಹೊಸಾದು ನೀವ ಇಟ್ಟಗೊಳ್ರಿ. ನಮ್ಮ ಹಳೀದನ್ನ ಕೆಡಿಸಿಕೊಟ್ಟು ಪುಣ್ಯಾ ಕಟಗೊಳ್ರಿ."

"ಅಲ್ಲಮ್ಮ, ಇದು ಎಷ್ಟು ಸ್ಪಷ್ಟವಾಗಿ ಕೇಳತ್ತೆ ಗೊತ್ತಾ?"

"ಕೇಳಾದು ನಮಗಲ್ಲರಿ, ಕುರಿಗೆ!"

ಆಗ ಕೆಂಚಪ್ಪ ಮುಂದೆ ಬಂದ. ಸಾಹೇಬರ ಕಡೆ ನೋಡಿ, ಗುಡ್ಡದ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಗೂಡು ಮಾಡಿ, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ. ಏನೂ ಬರಲಿಲ್ಲ. ಬಟ್ಟೆ ಮಾತ್ರ ಒಂದು ಸಲ ಅಲುಗಿತು. ಮೇಲೆ ಕುರಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಅವನು ಸಾಹೇಬರ ಕಡೆ ತಿರುಗಿ ಕೈಚೆಲ್ಲಿದ, ಇಷ್ಟೇ ಅಂತ.

ಸಾಹೇಬರು ಹೊಸ ಸೆಟ್ಟನ್ನು ಜೀಪಿನೊಳಗಿಟ್ಟರು. ಬೂಟು ಬಿಚ್ಚಿದರು. ಆ ಇಸ್ತ್ರಿ ಪ್ಯಾಂಟಿನಲ್ಲೇ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಮ್ಮಾ, ಆ ಶಬ್ದ ಹೇಗಿತ್ತು, ನೀವು ಮಾಡಿ ತೋರಿಸಿ" ಅಂದರು.

ನಾನು ದಂಗಾದೆ. ಇಷ್ಟು ದಿನ ನಾನು ಆ ಪ್ರಶ್ನೆಯನ್ನು ಕೇಳಿರಲೇ ಇಲ್ಲ! ಮಲ್ಲವ್ವ ನಾಚಿಕೊಂಡು ಡುರ್ ಡುರ್ ಅಂದಳು. ಕೆಂಚಪ್ಪ ತಲೆಯಾಡಿಸಿ ಬೇಡವೆಂದ. ತನ್ನ ಕೋಲು ತೆಗೆದುಕೊಂಡು ಬಂಡೆಯ ಮೇಲೆ ಬಡಿದು ತೋರಿಸಿದ. ಮೊದಲು ನಿಧಾನಕ್ಕೆ, ಟಕ್, ಟಕ್, ಆಮೇಲೆ ದಡದಡ, ಕೊನೆಗೆ ಒಂದೇ ಸಮ. ಕಣ್ಣು ಮುಚ್ಚಿ ಅದನ್ನೇ ನಾಲ್ಕು ಸಲ ಬಡಿದ, ನಾಲ್ಕು ಸಲವೂ ಒಂದೇ ಥರ. ಮಲ್ಲವ್ವ ಈಗ ಆ ಕೋಲಿಗೆ ದನಿ ಸೇರಿಸಿದಳು. ಗಂಡ ಬಡಿಯುವುದು, ಹೆಂಡತಿ ಡುರ್ರ್ ಎನ್ನುವುದು, ನಮ್ಮ ಏರಿಯಾ ಇಂಜಿನಿಯರು ಗಡಿಯಾರ ಹಿಡಿದು ಎಣಿಸುವುದು. ಆ ದೃಶ್ಯ ನೆನೆದರೆ ಈಗಲೂ ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ.

"ರೀ ಮೇಸ್ತ್ರಿ," ಸಾಹೇಬರೂ ಅದೇ ಹೆಸರು ಹಿಡಿದಿದ್ದರು, "ನೀವು ಯಾವ ಸೆಲ್ ಹಾಕಿ ನೋಡ್ತಿದ್ದೀರಿ?"

"ಹೊಸಾವು ಸರ್. ದಿನಾ ಹೊಸಾವು."

"ಇವರು ಯಾವುದು ಹಾಕ್ತಿದ್ರು?"

ಮಲ್ಲವ್ವ ಗುಡಿಸಲಿನ ಮಾಡು ತೋರಿಸಿದಳು. ಅಲ್ಲಿ ನಾಲ್ಕು ಸೆಲ್ಲು ಬಿಸಿಲಿಗೆ ಮಲಗಿದ್ದವು. ಸೋತ ಸೆಲ್ಲು, ಒಣಗಿದ ಕಂಡೆನ್ಸರ್, ಎರಡೂ ಕೂಡಿದರೇ ಆ ಸದ್ದು. ನಾನು ಧಾರಾಳಿಯಂತೆ ಹೊಸ ಸೆಲ್ಲು ತುಂಬುತ್ತ ಅರ್ಧ ರೋಗವನ್ನು ನಾನೇ ವಾಸಿ ಮಾಡುತ್ತಿದ್ದೆ! ಸಾಹೇಬರು ತಾವೇ ಒಲೆಯಿಂದ ಕಡ್ಡಿ ತೆಗೆದು, ನಾನು ಹಾಕಿ ನೋಡಿ ಬದಿಗಿಟ್ಟಿದ್ದ ಕಂಡೆನ್ಸರುಗಳಲ್ಲೇ ಒಂದನ್ನು ಆರಿಸಿ ಬೆಸೆದರು. ಮಾಡಿನ ಮೇಲಿನ ಸೆಲ್ಲು ಹಾಕಿದರು. ಗುಂಡಿ ತಿರುಗಿಸುವ ಹಕ್ಕು ಕೆಂಚಪ್ಪನದು.

ಡುರ್... ಡುರ್... ಡುರ್ ಡುರ್ ಡುರ್ರ್ರ್!

ಮೇಲೆ ಒಂದು ತಲೆ ಎದ್ದಿತು. ಆಮೇಲೆ ಹತ್ತು. ಆಮೇಲೆ ಇಡೀ ಗುಡ್ಡವೇ ಜಾರಿ ಬಂದಂತೆ ಕುರಿಗಳು ಇಳಿದು ಬಂದವು. ಸಾಹೇಬರಿಗೆ ಏಳಲು ಪುರಸೊತ್ತಾಗಲಿಲ್ಲ, ಒಂದು ಮರಿ ಅವರ ತೊಡೆಯ ಮೇಲೆ ಹತ್ತಿ ಬ್ಯಾ ಅಂತು. ಮಲ್ಲವ್ವ "ಏಳುಕೋಟಿ ಏಳುಕೋಟಿ" ಎಂದು ಮೈಲಾರಲಿಂಗನನ್ನು ಕೂಗುತ್ತ ಅಳುತ್ತಿದ್ದಳು, ನಗುತ್ತಿದ್ದಳು. ನಾನು ಕುಣಿದೆ. ನಿಜವಾಗಿ ಕುಣಿದೆ. ಅಮಾವಾಸ್ಯೆಯ ದಿನ ತಮ್ಮಂದಿರು ಬಂದು, ಕುರಿಗಳು ಓಡಿಬರುವುದನ್ನು ಕಂಡು, ರೊಟ್ಟಿ ತಿಂದು ಹೋದರಂತೆ.

ಜಾಬ್ ಕಾರ್ಡಿನಲ್ಲಿ ಸಾಹೇಬರು ಕೆಂಪು ಪೆನ್ನಿನಲ್ಲಿ ಬರೆದರು: "ಗ್ರಾಹಕರ ತೃಪ್ತಿಗೆ ತಕ್ಕಂತೆ ಕೆಡಿಸಲಾಗಿದೆ." ಆದರೆ ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದರು, "ಆ ಕಂಡೆನ್ಸರ್ ಪೂರ್ತಿ ಸಾಯೋವರೆಗೆ ಅಷ್ಟೇ ಕಣ್ರೀ. ಆಮೇಲೆ ಏನು ಮಾಡ್ತೀರೋ ಯೋಚನೆ ಮಾಡಿ."

ಅದು ಕೆಲವು ವರ್ಷ ಬಾಳಿತು. ಎಂಬತ್ತರ ದಶಕ ಹುಟ್ಟಿ, ಕಂಪನಿ ಟೂ-ಇನ್-ಒನ್ ಬಿಡುವ ಹೊತ್ತಿಗೆ ಮಲ್ಲವ್ವನಿಂದ ಕಾಗದ ಬಂತು. ರೇಡಿಯೋ ಒಂದು ದಿನ ಕರೆದರೆ ಎರಡು ದಿನ ಕರೆಯುವುದಿಲ್ಲ, ತಮ್ಮಂದಿರು ಮತ್ತೆ ಬಂದು ಕುರಿ ಎಣಿಸಿ ಹೋಗಿದ್ದಾರೆ. ನಾನು ಕುಣಿಯುತ್ತಲೇ ಹೊರಟೆ, ಏಕೆಂದರೆ ಈ ಸಲ ನನ್ನ ಚೀಲದಲ್ಲಿ ಉತ್ತರ ಇತ್ತು. ಹೊಸ ಯಂತ್ರದಲ್ಲಿ ರೆಕಾರ್ಡು ಗುಂಡಿ ಇದೆ. ಆ ಡುರ್ರ್ ಸಾಯುವ ಮೊದಲು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟರೆ ಮುಗಿಯಿತು.

ಕುರಿಗಳು ಎದುರು ಗುಡ್ಡದಲ್ಲಿದ್ದವು. ಬಂಡೆಯ ಮೇಲೆ ಎರಡೂ ಯಂತ್ರಗಳನ್ನು ಎದುರುಬದುರು ಕೂರಿಸಿ, ರೇಡಿಯೋದ ದನಿಯನ್ನು ಕುರಿಗಳಿಗೆ ಮುಟ್ಟದಷ್ಟು ಇಳಿಸಿ, "ಯಾರೂ ಮಾತಾಡಬ್ಯಾಡ್ರಿ" ಎಂದು ರೆಕಾರ್ಡು ಗುಂಡಿ ಒತ್ತಿದೆ. ಕೆಂಚಪ್ಪ ಮೈಕಿಗೆ ಹತ್ತಿರದಲ್ಲೇ ಬಗ್ಗಿ ನೋಡುತ್ತಿದ್ದ. ಮಲ್ಲವ್ವ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕಣ್ಣು ಇಷ್ಟಗಲ ಮಾಡಿ ನಿಂತಳು. ಅವಳು ಬಾಯಿ ಮುಚ್ಚಿದ್ದನ್ನು ಜೀವಮಾನದಲ್ಲಿ ಮೊದಲ ಸಲ ಕಂಡ ಕೆಂಚಪ್ಪನಿಗೆ ನಗೆ ಉಕ್ಕಿತು. ಹುಸ್ ಹುಸ್ ಹುಸ್. ನನಗೂ ತಡೆಯಲಾಗಲಿಲ್ಲ, ಎದ್ದು ದೂರ ಓಡಿದೆ. ನಗೆ ನಿಂತ ಮೇಲೆ ಕೆಂಚಪ್ಪ ರೇಡಿಯೋ ಹಚ್ಚಿದ, ಅದು ಡುರ್ರ್ ಅಂತು, ನಾನು ತಿರುಗಿ ಬಂದು ಟೇಪು ನಿಲ್ಲಿಸಿದೆ.

"ಮೊದಲ ನಗಿ ಸೇರೈತಿ, ಅಳಿಸಿ ಇನ್ನೊಮ್ಮಿ ಹಿಡೀಬೇಕು. ಹ್ಯಾಂಗ ಬಂದೈತಿ ಒಮ್ಮಿ ಕೇಳೋಣು" ಎಂದು ಟೇಪನ್ನು ಹಿಂದಕ್ಕೆ ಸುತ್ತಿ, ದನಿ ಪೂರಾ ಏರಿಸಿ ಹಚ್ಚಿದೆ.

ಕಣಿವೆಯ ತುಂಬ ಅವನ ಉಸಿರು ಹೊರಟಿತು. ಹುಸ್... ಹುಸ್... ಹುಸ್... ಡುರ್ರ್ ಇನ್ನೂ ಬಂದಿರಲಿಲ್ಲ.

ಎದುರು ಗುಡ್ಡದಲ್ಲಿ ತಲೆಗಳು ಎದ್ದವು. ಮುಂದಿನ ಟಗರು ಹೆಜ್ಜೆ ಕಿತ್ತಿತು. ಅದರ ಹಿಂದೆ ಹಿಂಡು. ಟೇಪಿನಲ್ಲಿ ಡುರ್ರ್ ಶುರುವಾಗುವ ಮೊದಲೇ ಅರ್ಧ ದಾರಿ ಬಂದಿದ್ದವು. ಅವನ ಪಕ್ಕದಲ್ಲೇ ಮಲಗಿ, ಅವನ ಪಕ್ಕದಲ್ಲೇ ನಡೆದ ಪ್ರಾಣಿಗಳು. ಆ ಗಾಳಿಯ ಸದ್ದು ಯಾರದು ಅಂತ ಅವಕ್ಕೆ ಎಂದೋ ಗೊತ್ತಿತ್ತು. ಅಷ್ಟು ದೂರ ಮುಟ್ಟುತ್ತಿರಲಿಲ್ಲ, ಅಷ್ಟೇ.

ನಾನು ಟೇಪು ನಿಲ್ಲಿಸಿದೆ. ಕುರಿಗಳು ಬಂದು ಅವನ ಕಾಲು ಸುತ್ತಿದವು. ಕೆಂಚಪ್ಪ ಕುತ್ತಿಗೆಯ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ, ಅಲ್ಲಿ ಏನೋ ಇದೆ ಎಂಬುದನ್ನು ಈಗಷ್ಟೇ ಯಾರೋ ಹೇಳಿದ ಹಾಗೆ. ಅವನ ಗಡ್ಡ ಒದ್ದೆಯಾಗಿತ್ತು.

"ಇನ್ನೊಮ್ಮಿ ಹಚ್ಚರಿ ಮೇಸ್ತ್ರಿ" ಅಂದಳು ಮಲ್ಲವ್ವ.

"ಕುರಿ ಬಂದುವಲ್ಲವ್ವಾ."

"ಕುರಿಗಲ್ಲರಿ" ಅಂದಳು. "ನನಗ."